ರಿಪೋರ್ಟ್ ನಾರ್ಮಲ್ ಬಂತು, ಈಗ ಚಪಾತಿ ತಿನ್ನಬಹುದಾ?

ನಾನು ಚೆನ್ನೈನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಮನೆ ಶೋಳಿಂಗನಲ್ಲೂರು, ಆಫೀಸು ಅದೇ ಓಎಂಆರ್ ರಸ್ತೆಯಲ್ಲಿ. ಊರು ಗದಗದ ಹತ್ತಿರ. ಓದಿದ್ದು ಎಂಟೆಕ್, ಡಾಕ್ಟರಿಕೆ ಅಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಇವತ್ತು ಮಾತಾಡೋದು ಕಾಯಿಲೆ ಬಗ್ಗೆ. ನಾಲ್ಕು ವರ್ಷದಿಂದ ನನಗೆ ಸೀಲಿಯಾಕ್ ಕಾಯಿಲೆ ಇದೆ ಅಂತ ಗೊತ್ತು. ಅದಕ್ಕೆ ಮುಂಚೆ ಎಷ್ಟು ವರ್ಷದಿಂದ ಇತ್ತೋ ದೇವರಿಗೇ ಗೊತ್ತು.

ಶುರುವಾಗಿದ್ದು ಸುಸ್ತಿನಿಂದ. ಹಿಮೋಗ್ಲೋಬಿನ್ 7.9. ಮಗಳು ಹುಟ್ಟಿ ಎರಡು ವರ್ಷ ಆಗಿತ್ತು. ಹೋದ ಕಡೆಯೆಲ್ಲ ಒಂದೇ ಮಾತು: ಹೆಂಗಸರಿಗೆ ರಕ್ತ ಕಡಿಮೆ ಇರೋದು ಸಾಮಾನ್ಯ, ಕಬ್ಬಿಣದ ಮಾತ್ರೆ ತಗೊಳ್ಳಿ. ತಗೊಂಡೆ. ಒಂದೂವರೆ ವರ್ಷ ತಗೊಂಡೆ. 7.9 ಇದ್ದದ್ದು 8.3 ಆಯಿತು. ನಡುವೆ ಹೊಟ್ಟೆ ಉಬ್ಬರ, ಬಾಯಲ್ಲಿ ಹುಣ್ಣು, ಕೂದಲು ಉದುರೋದು. ಒಬ್ಬರು ಗ್ಯಾಸ್ ಅಂದರು, ಇನ್ನೊಬ್ಬರು ಐಟಿ ಕೆಲಸದ ಟೆನ್ಷನ್ ಅಂದರು. ಶಕ್ತಿ ಬರಲಿ ಅಂತ ನಾನು ದಿನಾ ರಾತ್ರಿ ಹಾಲಿಗೆ ಮಾಲ್ಟ್ ಪುಡಿ ಹಾಕಿ ಕುಡೀತಿದ್ದೆ. ಆ ಮಾಲ್ಟ್ ಅಂದರೆ ಮೊಳಕೆ ಕಟ್ಟಿದ ಬಾರ್ಲಿ. ಅದರಲ್ಲೂ ಗ್ಲುಟೆನ್ ಇರುತ್ತೆ. ಗಾಯಕ್ಕೆ ಉಪ್ಪು ಸವರಿ ಔಷಧಿ ಅಂದುಕೊಂಡ ಹಾಗೆ.

ಕೊನೆಗೆ ಒಬ್ಬ ಡಾಕ್ಟರು ಕೇಳಿದರು, "ಮಾತ್ರೆ ಒಳಗೆ ಹೋಗ್ತಿದೆ, ರಕ್ತಕ್ಕೆ ಸೇರ್ತಿಲ್ಲ. ಹಾಗಾದ್ರೆ ಎಲ್ಲಿ ಹೋಗ್ತಿದೆ?" ಸರಿಯಾದ ಡೀಬಗ್ಗಿಂಗ್ ಪ್ರಶ್ನೆ. ಟಿಟಿಜಿ-ಐಜಿಎ ಅನ್ನೋ ರಕ್ತ ಪರೀಕ್ಷೆ ಬರೆದರು, ಜೊತೆಗೆ ಒಟ್ಟು ಐಜಿಎ ಎಷ್ಟಿದೆ ಅಂತಲೂ ನೋಡಿಸಿದರು. ಈ ಎರಡನೇದು ಮುಖ್ಯ. ಕೆಲವರ ದೇಹದಲ್ಲಿ ಐಜಿಎ ಪ್ರತಿಕಾಯವೇ ತಯಾರಾಗಲ್ಲ. ಅಂಥವರಿಗೆ ಕಾಯಿಲೆ ಇದ್ದರೂ ಟಿಟಿಜಿ-ಐಜಿಎ ನೆಗೆಟಿವ್ ಬರುತ್ತೆ. ನನ್ನ ಐಜಿಎ ಸರಿ ಇತ್ತು. ಟಿಟಿಜಿ 142. ಆ ಲ್ಯಾಬಿನ ಮಿತಿ 10. ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನಿಂದ ಚೂರುಗಳನ್ನು ತೆಗೆದು ನೋಡಿದರು. ಒಳಗೋಡೆಯಲ್ಲಿ ಬೆರಳುಗಳ ಹಾಗೆ ಎದ್ದು ನಿಂತಿರಬೇಕಾದ ವಿಲ್ಲೈ ಸವೆದು ಮೊಂಡಾಗಿದ್ದವು. ಆಹಾರದ ಸಾರವನ್ನು ಹೀರಿಕೊಳ್ಳೋದು ಅವೇ. ಕಬ್ಬಿಣ ಎಲ್ಲಿ ಹೋಗ್ತಿತ್ತು ಅನ್ನೋದಕ್ಕೆ ಉತ್ತರ ಸಿಕ್ಕಿತು.

ಚಿಕಿತ್ಸೆ ಒಂದೇ: ಗೋಧಿ, ಬಾರ್ಲಿ, ರೈ ಪೂರ್ತಿ ಬಿಡಬೇಕು, ಜೀವನಪೂರ್ತಿ.

ನಾನು ಎಂಜಿನಿಯರ್ ಆದ್ದರಿಂದ ತಕ್ಷಣ ಒಂದು ಸ್ಪ್ರೆಡ್‌ಶೀಟ್ ತೆರೆದೆ. ತಾರೀಖು, ಟಿಟಿಜಿ, ಫೆರಿಟಿನ್, ಹಿಮೋಗ್ಲೋಬಿನ್, ವಿಟಮಿನ್ ಡಿ, ಬಿ12. ಗ್ರಾಫು ಕೆಳಗಿಳಿಯೋದನ್ನ ನೋಡ್ತಾ ಕೂರೋದು ಅಂತ ತೀರ್ಮಾನ. ಆ ಗ್ರಾಫಿನಿಂದ ನನಗೇನು ಅರ್ಥವಾಯಿತು, ಎಲ್ಲಿ ತಪ್ಪು ತಿಳಿದೆ ಅನ್ನೋದೇ ಇವತ್ತಿನ ವಿಷಯ.

ಮೊದಲು ಟಿಟಿಜಿ ಅಂದರೇನು ನೋಡೋಣ. ಚಪಾತಿ ಹಿಟ್ಟು ನಾದಿ ಎಳೆದರೆ ಹಿಗ್ಗುತ್ತಲ್ಲ, ಆ ಜಿಗುಟಿಗೆ ಕಾರಣ ಗ್ಲುಟೆನ್ ಅನ್ನೋ ಪ್ರೋಟೀನು. ಜೋಳದ ಹಿಟ್ಟಿನಲ್ಲಿ ಅದಿಲ್ಲ, ಅದಕ್ಕೇ ರೊಟ್ಟಿ ಲಟ್ಟಿಸೋಕೆ ಬರಲ್ಲ, ಬಡಿಯಬೇಕು. ನಮ್ಮ ಜೀರ್ಣರಸಕ್ಕೆ ಗ್ಲುಟೆನ್ನನ್ನು ಪೂರ್ತಿ ಒಡೆಯೋಕೆ ಆಗಲ್ಲ, ಯಾರಿಗೂ ಆಗಲ್ಲ. ಉಳಿದ ತುಂಡುಗಳಲ್ಲಿ ಕೆಲವು ಕರುಳಿನ ಗೋಡೆಯೊಳಕ್ಕೆ ಇಳಿಯುತ್ತವೆ. ಅಲ್ಲಿ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಅನ್ನೋ ನಮ್ಮದೇ ಕಿಣ್ವ ಇದೆ, ಗಾಯ ಮಾಯಿಸೋ ಕೆಲಸದಲ್ಲಿ ಇರೋದು. ಇದು ಗ್ಲುಟೆನ್ ತುಂಡಿನ ರಾಸಾಯನಿಕ ರೂಪವನ್ನು ಸ್ವಲ್ಪ ಬದಲಿಸುತ್ತೆ. ಬದಲಾದ ತುಂಡು ಎಚ್‌ಎಲ್‌ಎ-ಡಿಕ್ಯೂ2 ಅಥವಾ ಡಿಕ್ಯೂ8 ಜೀನ್ ಇರುವವರ ಕೋಶಗಳ ಮೇಲೆ ಗಟ್ಟಿಯಾಗಿ ಕೂರುತ್ತೆ. ಅದನ್ನು ನೋಡಿದ ಟಿ ಕೋಶಗಳು ಶತ್ರು ಬಂತು ಅಂತ ಕೂಗು ಹಾಕುತ್ತವೆ. ಕರುಳು ಸವೆಯೋದು ಆ ಗಲಾಟೆಯಲ್ಲಿ.

ವಿಚಿತ್ರ ಏನಂದರೆ, ಪ್ರತಿಕಾಯ ಹುಟ್ಟೋದು ಗ್ಲುಟೆನ್ ವಿರುದ್ಧ ಮಾತ್ರ ಅಲ್ಲ, ಆ ಕಿಣ್ವದ ವಿರುದ್ಧವೂ. ಪ್ರತಿಕಾಯಗಳ ಗುರಿ ಇದೇ ಕಿಣ್ವ ಅಂತ ಜರ್ಮನಿಯ ಸಂಶೋಧಕರು ಕಂಡುಹಿಡಿದದ್ದು 1997ರಲ್ಲಿ. ಹಾಗಾದ್ರೆ ಒಂದು ಪ್ರಶ್ನೆ ಏಳುತ್ತೆ. ಕಿಣ್ವ ನಮ್ಮ ದೇಹದಲ್ಲಿ ಯಾವಾಗಲೂ ಇರೋದೇ. ಗೋಧಿ ಬಿಟ್ಟ ಮಾತ್ರಕ್ಕೆ ಅದರ ವಿರುದ್ಧದ ಪ್ರತಿಕಾಯ ಯಾಕೆ ಇಳಿಯಬೇಕು?

ನಮ್ಮ ಭಾಷೆಯಲ್ಲಿ ಹೇಳ್ತೀನಿ. ಪ್ರತಿಕಾಯ ತಯಾರಿಸೋದು ಬಿ ಕೋಶ. ಆದರೆ ಅದು ಒಬ್ಬನೇ ಕೋಡ್ ಮರ್ಜ್ ಮಾಡೋ ಹಾಗಿಲ್ಲ, ಟಿ ಕೋಶದ ಅಪ್ರೂವಲ್ ಬೇಕು. ಕಿಣ್ವವನ್ನು ಗುರುತಿಸುವ ಬಿ ಕೋಶ ಕಿಣ್ವವನ್ನು ಹಿಡಿದು ನುಂಗಿದಾಗ, ಅದಕ್ಕೆ ಅಂಟಿಕೊಂಡಿರೋ ಗ್ಲುಟೆನ್ ತುಂಡೂ ಒಳಗೆ ಹೋಗುತ್ತೆ. ಬಿ ಕೋಶ ಆ ಗ್ಲುಟೆನ್ನನ್ನು ಟಿ ಕೋಶಕ್ಕೆ ತೋರಿಸಿ ಅಪ್ರೂವಲ್ ತಗೊಂಡು, ಕಿಣ್ವದ ವಿರುದ್ಧ ಪ್ರತಿಕಾಯ ಮಾಡುತ್ತೆ. ಗೋಧಿ ನಿಲ್ಲಿಸಿದರೆ ತೋರಿಸೋಕೆ ಗ್ಲುಟೆನ್ ಇಲ್ಲ, ಅಪ್ರೂವಲ್ ಇಲ್ಲ, ತಯಾರಿಕೆ ನಿಧಾನವಾಗಿ ನಿಲ್ಲುತ್ತೆ. ಇದು ವಿಜ್ಞಾನಿಗಳು ಹೆಚ್ಚಾಗಿ ಒಪ್ಪಿರೋ ವಿವರಣೆ. ಎಷ್ಟೋ ಆಟೋಇಮ್ಯೂನ್ ಕಾಯಿಲೆಗಳಲ್ಲಿ ಬೆಂಕಿಗೆ ಸೌದೆ ಯಾವುದು ಅಂತಲೇ ಗೊತ್ತಿಲ್ಲ. ಇಲ್ಲಿ ಗೊತ್ತು, ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತೆ.

ಇದು ಮೊದಲು ಗೊತ್ತಾದದ್ದೂ ಸೌದೆ ಮುಗಿದಾಗಲೇ. ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರಿಗೆ 1930ರ ದಶಕದಿಂದಲೇ ಗೋಧಿ ಮೇಲೆ ಅನುಮಾನ ಇತ್ತು. ಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ ಅಲ್ಲಿ ಬ್ರೆಡ್ಡಿಗೆ ಬರ ಬಂತು. ಊರೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. 1950ರಲ್ಲಿ ಅವರು ಇದನ್ನೇ ಪ್ರಬಂಧವಾಗಿ ಬರೆದರು.

ಈಗ ನನ್ನ ಗ್ರಾಫಿಗೆ ಬರೋಣ. ಆರು ತಿಂಗಳಿಗೆ 142 ಇದ್ದದ್ದು 58 ಆಯಿತು. ವರ್ಷಕ್ಕೆ 33. ಹಿಮೋಗ್ಲೋಬಿನ್ 11 ದಾಟಿತು. ಮೆಟ್ಟಿಲು ಹತ್ತುವಾಗ ಎದೆ ಹೊಡ್ಕೊಳ್ಳೋದು ನಿಂತಿತು. ಖುಷಿಯೋ ಖುಷಿ. ಹದಿನೆಂಟನೇ ತಿಂಗಳು: 35.

ಸಾಮಾನ್ಯವಾಗಿ ಟಿಟಿಜಿ ಮಿತಿಯೊಳಗೆ ಬರೋಕೆ ಆರು ತಿಂಗಳಿಂದ ಎರಡು ವರ್ಷ ಬೇಕು. ಶುರುವಿನಲ್ಲಿ ಎಷ್ಟು ಎತ್ತರ ಇತ್ತೋ ಅಷ್ಟು ಹೆಚ್ಚು ಕಾಲ. ಹಾಗಾಗಿ ಇನ್ನೂ ಮಿತಿಗಿಂತ ಮೇಲಿದೆ ಅನ್ನೋದು ಸಮಸ್ಯೆ ಅಲ್ಲ, ಇಳಿಯೋದು ನಿಂತಿದೆ ಅನ್ನೋದು ಸಮಸ್ಯೆ. ಮೊದಲು ಲ್ಯಾಬಿನ ಮೇಲೆ ಅನುಮಾನ ಪಟ್ಟೆ, ಆದರೆ ಲ್ಯಾಬ್ ಅದೇ, ಕಿಟ್ ಅದೇ. (ನೀವು ಲ್ಯಾಬ್ ಬದಲಿಸಿದರೆ ಹಳೇ ನಂಬರ್ ಜೊತೆ ಹೋಲಿಸಬೇಡಿ. ಒಂದೊಂದು ಕಿಟ್ಟಿಗೆ ಒಂದೊಂದು ಅಳತೆ. ಒಬ್ಬರ 40, ಇನ್ನೊಬ್ಬರ 40 ಒಂದೇ ಅಲ್ಲ.) ಡಾಕ್ಟರು ಹೇಳಿದರು, "ಎಲ್ಲಿಂದಲೋ ಗೋಧಿ ಹೋಗ್ತಿದೆ, ಹುಡುಕಿ."

ನಮ್ಮ ಮನೆಯಲ್ಲಿ ಚಪಾತಿ ಇಲ್ಲ, ಬ್ರೆಡ್ ಇಲ್ಲ, ರವೆ ಇಲ್ಲ. ಆಫೀಸು ಕ್ಯಾಂಟೀನಿನಲ್ಲಿ ನಾನು ಮುಟ್ಟುತ್ತಿದ್ದದ್ದು ಇಡ್ಲಿ, ಅನ್ನ, ಸಾಂಬಾರ್, ರಸಂ. ಮನೆಯಲ್ಲಿ ರಾಗಿ ಮುದ್ದೆ, ಜೋಳದ ರೊಟ್ಟಿ. ಎಲ್ಲಿಂದ ಹೋಗಬೇಕು? ಒಂದು ಶನಿವಾರ ಅಡುಗೆಮನೆಯ ಡಬ್ಬಿಗಳನ್ನೆಲ್ಲ ನೆಲದ ಮೇಲೆ ಇಳಿಸಿ ಲೇಬಲ್ ಓದುತ್ತಾ ಕೂತೆ. ಮನೆಯವರು ನಗ್ತಿದ್ದರು. ಕೊನೆಗೆ ಕೈಗೆ ಬಂದದ್ದು ಇಂಗಿನ ಡಬ್ಬಿ.

ನಾವು ಕೊಳ್ಳೋ ಇಂಗು ಶುದ್ಧ ಇಂಗಲ್ಲ. ಇಂಗಿನ ಅಂಟು ತುಂಬಾ ಘಾಟು, ಅದಕ್ಕೆ ಹಿಟ್ಟು, ಗೋಂದು ಬೆರೆಸಿ ಮಾರ್ತಾರೆ. ಕೆಲವರು ಅಕ್ಕಿ ಹಿಟ್ಟು ಬೆರೆಸ್ತಾರೆ, ಬಹಳಷ್ಟು ಕಡೆ ಮೈದಾ. ನಮ್ಮ ಡಬ್ಬಿಯ ಮೇಲೆ ಗೋಧಿ ಹಿಟ್ಟು ಅಂತ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು. ನಾನು ಓದಿರಲಿಲ್ಲ ಅಷ್ಟೆ. ಚೆನ್ನೈನಲ್ಲಿ ಸಾಂಬಾರಿಗೆ, ರಸಕ್ಕೆ, ಮಜ್ಜಿಗೆಗೆ, ಉಪ್ಪಿನಕಾಯಿಗೆ, ಎಲ್ಲದಕ್ಕೂ ಪೆರುಂಗಾಯಂ. ಅನ್ನದ ಊರಿನಲ್ಲಿದ್ದೀನಿ, ಕ್ಷೇಮವಾಗಿದ್ದೀನಿ ಅಂದುಕೊಂಡಿದ್ದೆ.

ಒಂದು ಚಿಟಿಕೆಯಿಂದ ಏನಾಗುತ್ತೆ ಅಂತೀರಾ? ಲೆಕ್ಕ ಹಾಕೋಣ. 2007ರಲ್ಲಿ ಇಟಲಿಯ ಕಟಾಸ್ಸಿ ತಂಡ ಒಂದು ಪ್ರಯೋಗ ಮಾಡಿತು. ಪಥ್ಯದಲ್ಲಿದ್ದ ರೋಗಿಗಳಿಗೆ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಕೊಟ್ಟರೆ ಕರುಳು ಸವೆಯೋದು ಕಾಣಿಸಿತು. ಗೋಧಿ ಹಿಟ್ಟಿನಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಗ್ಲುಟೆನ್. ಅಂದರೆ 50 ಮಿಲಿಗ್ರಾಂಗೆ ಬೇಕಾದ್ದು ಅರ್ಧ ಗ್ರಾಂ ಹಿಟ್ಟು! ಮೂರು ಅಡುಗೆಗೆ ಮೂರು ಚಿಟಿಕೆ, ಅದರಲ್ಲಿ ಅರ್ಧ ಮೈದಾ. ನನ್ನ ಒರಟು ಲೆಕ್ಕದಲ್ಲೂ ಆ ಗೆರೆಯ ಹತ್ತಿರ ಹೋಗಿಬಿಡುತ್ತೆ. ಪ್ಯಾಕೆಟ್ಟಿನ ಮೇಲೆ ಗ್ಲುಟೆನ್ ಮುಕ್ತ ಅಂತ ಬರೆಯಬೇಕಾದರೆ ನಮ್ಮ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಕಿಲೋಗೆ 20 ಮಿಲಿಗ್ರಾಂ ದಾಟಬಾರದು. ಅಷ್ಟು ಬಿಗಿ ಯಾಕೆ ಅಂತ ಆಗ ಅರ್ಥವಾಯಿತು.

ಎರಡನೇ ಕಳ್ಳ ಗಿರಣಿ. ರಾಗಿ, ಜೋಳ ಬೀಸಿಸುತ್ತಿದ್ದ ಅಂಗಡಿಯವರು ಅದೇ ಕಲ್ಲಿನಲ್ಲಿ ನನ್ನ ಮುಂದಿನವರ ಗೋಧಿ ಬೀಸುತ್ತಿದ್ದರು. ಅಂಗಡಿಯವರದೇನು ತಪ್ಪು? ಯಾರೂ ಅವರಿಗೆ ಹೇಳಿರಲಿಲ್ಲ. ಇಂಗು ಬಿಟ್ಟು ಬೆಳ್ಳುಳ್ಳಿ ಒಗ್ಗರಣೆ ಶುರು ಮಾಡಿದೆ, ಮನೆಗೇ ಒಂದು ಸಣ್ಣ ಹಿಟ್ಟಿನ ಯಂತ್ರ ತಂದೆ, ಕ್ಯಾಂಟೀನ್ ಬಿಟ್ಟು ಡಬ್ಬಿ ಕಟ್ಟಿದೆ. ಎಲ್ಲ ಬದಲಾವಣೆ ಒಂದೇ ರಿಲೀಸಿನಲ್ಲಿ ಹಾಕಿದ್ದರಿಂದ ಯಾವುದು ಕೆಲಸ ಮಾಡಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಜೂನಿಯರ್‌ಗಳು ಹೀಗೆ ಮಾಡಿದರೆ ಬೈತೀನಿ. ಎರಡು ವರ್ಷಕ್ಕೆ 14. ಎರಡೂವರೆ ವರ್ಷಕ್ಕೆ 6. ಮಿತಿಯೊಳಗೆ.

ಆಗ ಯುಗಾದಿ. ಬೆಂಗಳೂರಿಗೆ ಹೋಗಿ ಅಲ್ಲಿಂದ ರಾತ್ರಿ ಬಸ್ಸು ಹಿಡಿದು ಊರಿಗೆ ಹೋದೆ. ಅವ್ವಗೆ ರಿಪೋರ್ಟ್ ತೋರಿಸಿದೆ, ನೋಡವ್ವಾ ನಾರ್ಮಲ್ ಅಂತ. ಅವ್ವ ಒಲೆ ಮುಂದ ಹೋಳಿಗಿ ಮಾಡಕೋತ ಕೂತಿದ್ದಳು. "ನಾರ್ಮಲ್ ಬಂದೈತಿ ಅಂದಮ್ಯಾಲ ಒಂದು ಹೋಳಿಗಿ ತಿಂದ್ರ ಏನಾಕ್ಕೈತಿ? ಎರಡೂವರಿ ವರ್ಷ ಆತು, ನನ್ನ ಕೈಯಾಗಿಂದು ಹೋಳಿಗಿ ತಿಂದಿಲ್ಲ ನೀ."

ನಿಜ ಹೇಳ್ತೀನಿ, ಅವ್ವನ ಒತ್ತಾಯಕ್ಕೆ ಮಾತ್ರ ತಿನ್ನಲಿಲ್ಲ. ನನ್ನ ಸ್ಪ್ರೆಡ್‌ಶೀಟೂ ಅದನ್ನೇ ಹೇಳ್ತಿತ್ತು. 142 ಎಲ್ಲಿ, 6 ಎಲ್ಲಿ! ತುಪ್ಪ ಹಾಕಿಸಿಕೊಂಡು ಒಂದು ಪೂರ್ತಿ ತಿಂದೆ.

ಎರಡೂವರೆ ತಾಸಿಗೆ ಹಿತ್ತಲಲ್ಲಿ ವಾಂತಿ ಶುರು. ನಿಲ್ಲಲೇ ಇಲ್ಲ. ಸಂಜೆ ತನಕ ಏಳೆಂಟು ಸಲ ಆಯಿತು. ಅವ್ವ ನನ್ನ ಬೆನ್ನು ಸವರುತ್ತಾ ಅಳ್ತಿದ್ದಳು, "ನನ್ನ ಕೈಯಾರ ವಿಷ ಹಾಕಿದ್ನೇನು" ಅಂತ. ಅದು ಇವತ್ತಿಗೂ ಕಿವಿಯಲ್ಲಿದೆ.

ಚೆನ್ನೈಗೆ ಬಂದ ಮೇಲೆ, ಎರಡು ವಾರ ಬಿಟ್ಟು ಟಿಟಿಜಿ ಮಾಡಿಸಿದೆ. ಎಷ್ಟಿತ್ತು ಹೇಳಿ? 6. ಒಂದಂಕಿಯೂ ಕದಲಿರಲಿಲ್ಲ.

ಪ್ರತಿಕಾಯ ಏರಿಲ್ಲ ಅಂದಮೇಲೆ ಎರಡೂವರೆ ತಾಸಿನಲ್ಲಿ ನನ್ನನ್ನು ಬೀಳಿಸಿದ್ದು ಯಾರು? ಟಿ ಕೋಶಗಳು. ಪಥ್ಯದಲ್ಲಿರೋ ಸೀಲಿಯಾಕ್ ರೋಗಿಗಳಿಗೆ ಪ್ರಯೋಗಕ್ಕಾಗಿ ಗ್ಲುಟೆನ್ ಕೊಟ್ಟು ಗಂಟೆ ಗಂಟೆಗೆ ರಕ್ತ ನೋಡಿದ ಅಧ್ಯಯನಗಳು 2019ರ ಸುಮಾರಿಗೆ ಬಂದವು. ಇಂಟರ್‌ಲ್ಯೂಕಿನ್-2 ಅನ್ನೋ ಸಂದೇಶ ವಸ್ತು ಎರಡು ತಾಸಿನಿಂದಲೇ ಏರಿ ನಾಲ್ಕು ತಾಸಿನ ಸುಮಾರಿಗೆ ಶಿಖರ ಮುಟ್ಟುತ್ತೆ. ವಾಕರಿಕೆ, ವಾಂತಿ ಬರೋದೂ ಅದೇ ಹೊತ್ತಿಗೆ. ಇಂಟರ್‌ಲ್ಯೂಕಿನ್-2 ಮುಖ್ಯವಾಗಿ ಟಿ ಕೋಶ ಎಚ್ಚೆತ್ತಾಗ ಬಿಡೋ ವಸ್ತು. ಗ್ಲುಟೆನ್ನನ್ನು ಗುರುತಿಸುವ ನೆನಪಿನ ಟಿ ಕೋಶಗಳು ಪಥ್ಯದಿಂದ ಸಂಖ್ಯೆಯಲ್ಲಿ ಕಡಿಮೆ ಆಗುತ್ತವೆ, ಸುಮ್ಮನಾಗುತ್ತವೆ. ಅಳಿಸಿಹೋಗಲ್ಲ. ಕರುಳಿನ ಪದರದಲ್ಲಿರೋ ಗಾಮಾ-ಡೆಲ್ಟಾ ಅನ್ನೋ ಇನ್ನೊಂದು ಜಾತಿಯ ಟಿ ಕೋಶಗಳಂತೂ ವರ್ಷಗಟ್ಟಲೆ ಗೋಧಿ ಬಿಟ್ಟರೂ ಹೆಚ್ಚಾಗಿಯೇ ಉಳಿಯುತ್ತವೆ.

ಟಿಟಿಜಿಯನ್ನು ನಾನು ಡ್ಯಾಶ್‌ಬೋರ್ಡ್ ಅಂದುಕೊಂಡಿದ್ದೆ. ಅದು ಹಳೇ ಲಾಗ್ ಫೈಲು. ತಿಂಗಳುಗಟ್ಟಲೆ ಗ್ಲುಟೆನ್ ಹೋಗ್ತಿದ್ದರೆ ತೋರಿಸುತ್ತೆ, ಒಂದು ಹೋಳಿಗೆ ಅದಕ್ಕೆ ಕಾಣೋದೇ ಇಲ್ಲ. ಕರುಳು ಮಾಯಿತಾ ಅನ್ನೋದನ್ನಾದರೂ ಹೇಳುತ್ತಾ? ಅದೂ ಸರಿಯಾಗಿಲ್ಲ. ಅಮೆರಿಕದ ಮೇಯೋ ಕ್ಲಿನಿಕ್ 2010ರಲ್ಲಿ ದೊಡ್ಡವರ ಬಯಾಪ್ಸಿಗಳನ್ನು ನೋಡಿದಾಗ, ಪಥ್ಯ ಶುರುವಾದ ಎರಡು ವರ್ಷಕ್ಕೆ ಕರುಳು ಮಾಯ್ದದ್ದು ಶೇಕಡಾ 34 ಜನರಿಗೆ, ಐದು ವರ್ಷಕ್ಕೆ ಶೇಕಡಾ 66. ಮಕ್ಕಳಿಗೆ ಇದಕ್ಕಿಂತ ಬೇಗ ಮಾಯುತ್ತೆ. ಕರುಳು ಇನ್ನೂ ಸವೆದೇ ಇರುವ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತದ ಟಿಟಿಜಿ ನಾರ್ಮಲ್ ಆಗಿಯೇ ಇರುತ್ತೆ. ಟಿಟಿಜಿ ಇಳಿಯದೆ ಮೇಲೇ ಉಳಿದರೆ ಏನೋ ತಪ್ಪಿರೋ ಸಾಧ್ಯತೆ ಹೆಚ್ಚು. ಕೆಳಗಿದ್ದರೆ ಎಲ್ಲ ಸರಿ ಇದೆ ಅಂತ ಅರ್ಥ ಅಲ್ಲ. ನನಗೆ ಮತ್ತೆ ಎಂಡೋಸ್ಕೋಪಿ ಮಾಡಿದರು. ವಿಲ್ಲೈ ಮತ್ತೆ ಎದ್ದಿದ್ದವು, ಪದರದಲ್ಲಿ ಲಿಂಫೋಸೈಟುಗಳು ಮಾತ್ರ ಇನ್ನೂ ಜಾಸ್ತಿ. ಅರ್ಧ ಗೆಲುವು.

ಈಗ "ನಮ್ಮ ಕಡೆ ಈ ಕಾಯಿಲೆ ಎಲ್ಲಿದೆ ರೀ, ಇದು ಪಂಜಾಬಿನವರದು" ಅನ್ನೋ ಮಾತು. ಆಫೀಸಿನಲ್ಲಿ ಕೇಳಿ ಕೇಳಿ ಸಾಕಾಗಿದೆ. ಇದಕ್ಕೆ ಉತ್ತರ ನಮ್ಮ ಪಕ್ಕದ ವೆಲ್ಲೂರಿನಲ್ಲೇ ಇದೆ. ಬಿ. ಎಸ್. ರಾಮಕೃಷ್ಣ, ಗೋವಿಂದ ಮಖಾರಿಯಾ ಮತ್ತವರ ಜೊತೆಗಾರರು 2016ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತದಲ್ಲಿ ಒಟ್ಟು 23,331 ವಯಸ್ಕರು. ದಕ್ಷಿಣದ ಜನ ವೆಲ್ಲೂರಿನ ಕಡೆಯವರು. ಟಿಟಿಜಿ ಪ್ರತಿಕಾಯ ಕಂಡದ್ದು ಉತ್ತರದಲ್ಲಿ ಶೇಕಡಾ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10. ನೋಡಿದಿರಾ, ನಮ್ಮಲ್ಲಿ ಇಲ್ಲ ಅಂತೀರಿ. ನಿಲ್ಲಿ. ಅದೇ ಅಧ್ಯಯನ ಜೀನ್ ಕೂಡ ನೋಡಿತು. ಡಿಕ್ಯೂ2 ಅಥವಾ ಡಿಕ್ಯೂ8 ಇದ್ದವರು ಉತ್ತರದಲ್ಲಿ ಶೇಕಡಾ 38.1, ದಕ್ಷಿಣದಲ್ಲಿ 36.4. ಹೆಚ್ಚುಕಡಿಮೆ ಸಮ. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ದಿನಕ್ಕೆ ತಿನ್ನೋ ಗೋಧಿ ಉತ್ತರದಲ್ಲಿ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ.

ಇದನ್ನು ಓದಿದಾಗ ನನ್ನದೇ ಕಥೆ ನೆನಪಾಯಿತು. ಹದಿನೆಂಟು ವರ್ಷ ಜೋಳದ ರೊಟ್ಟಿ. ಆಮೇಲೆ ರೂರ್ಕಿಯಲ್ಲಿ ಎಂಟೆಕ್, ಹಾಸ್ಟೆಲ್ಲಿನಲ್ಲಿ ಮೂರು ಹೊತ್ತೂ ಗೋಧಿ: ಪರಾಠ, ರೋಟಿ, ಮತ್ತೆ ರೋಟಿ. ಅಲ್ಲಿಂದಲೇ ಕಾಯಿಲೆ ಬಂತು ಅಂತ ನಾನು ಹೇಳಲ್ಲ. ಒಬ್ಬಳ ಕಥೆ ಡೇಟಾ ಆಗಲ್ಲ, ಗೋಧಿ ಹೆಚ್ಚು ತಿಂದವರಿಗೆಲ್ಲ ಇದು ಬರೋದೂ ಇಲ್ಲ, ಜೀನ್ ಇದ್ದವರಲ್ಲೂ ಸ್ವಲ್ಪವೇ ಜನಕ್ಕೆ ಬರುತ್ತೆ. ಆದರೆ ಇವತ್ತು ನಮ್ಮ ಜೊತೆಯವರು ಊಟ ಮಾಡೋ ರೀತಿ ನೋಡಿ. ಬೆಳಿಗ್ಗೆ ಬ್ರೆಡ್ಡು, ರಾತ್ರಿ ಪರೋಟ, ಅಪ್ಪನಿಗೆ ಶುಗರ್ ಅಂತ ಅನ್ನ ಬಿಟ್ಟು ಚಪಾತಿ. ಆ 25 ಗ್ರಾಂ ನಮ್ಮ ಮನೆಗಳಲ್ಲಿ ಇನ್ನೂ 25 ಆಗಿಯೇ ಇದೆಯಾ?

ಕಬ್ಬಿಣದ ಮಾತ್ರೆಗೆ ಬಗ್ಗದ ರಕ್ತಹೀನತೆ ಇದ್ದರೆ ಡಾಕ್ಟರನ್ನು ಈ ಪರೀಕ್ಷೆ ಬಗ್ಗೆ ಕೇಳಿ. ಒಂದೇ ಎಚ್ಚರಿಕೆ: ಪರೀಕ್ಷೆಗೆ ಮುಂಚೆ ಗೋಧಿ ಬಿಡಬೇಡಿ. ಬಿಟ್ಟರೆ ಟಿಟಿಜಿ ಇಳಿಯುತ್ತೆ, ಕರುಳು ಮಾಯೋಕೆ ಶುರುವಾಗುತ್ತೆ, ಕಾಯಿಲೆ ಇದ್ದರೂ ಗೊತ್ತಾಗಲ್ಲ. ಆಮೇಲೆ ಖಚಿತ ಮಾಡಿಕೊಳ್ಳೋಕೆ ವಾರಗಟ್ಟಲೆ ಮತ್ತೆ ಗೋಧಿ ತಿನ್ನಿಸಬೇಕಾಗುತ್ತೆ.

ಇದು ನಮ್ಮ ಮನೆಯ ಈಗಿನ ಪರಿಸ್ಥಿತಿ ಕೂಡ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಇದ್ದರೆ ಬರೋ ಸಾಧ್ಯತೆ ಹತ್ತರಲ್ಲಿ ಒಂದರ ಹತ್ತಿರ. ಮಗಳಿಗೆ ಈಗ ಏಳು ವರ್ಷ ದಾಟಿದೆ. ಎರಡು ವರ್ಷದ ಹಿಂದೆ ನೆಗೆಟಿವ್ ಬಂತು, ಆದರೆ ಜೀನ್ ಇದೆ. ಹಾಗಾಗಿ ಅವಳ ಪರೀಕ್ಷೆ ಆಗಾಗ ಮಾಡಿಸ್ತಾ ಇರಬೇಕು. ಮುಂದಿನ ತಿಂಗಳು ಮತ್ತೆ ಇದೆ. ಅಲ್ಲಿವರೆಗೆ ಅವಳು ಗೋಧಿ ತಿನ್ನಲೇಬೇಕು. ಹಾಗಾಗಿ ದಿನಾ ಬೆಳಿಗ್ಗೆ ನಮ್ಮ ಮನೆಯವರು ಬೇರೆ ತವಾ, ಬೇರೆ ಮಣೆ ಇಟ್ಟುಕೊಂಡು ಬಾಲ್ಕನಿಯ ಇಂಡಕ್ಷನ್ ಒಲೆ ಮೇಲೆ ಅವಳ ಡಬ್ಬಿಗೆ ಎರಡು ಚಪಾತಿ ಮಾಡ್ತಾರೆ. ನಾನು ಒಳಗೆ ನನ್ನ ರೊಟ್ಟಿ ಬಡೀತಾ ಇರ್ತೀನಿ. ಮೊನ್ನೆ ಕೇಳಿದಳು, "ಅಮ್ಮಾ, ನಂಗೂ ನಿನ್ ರೊಟ್ಟಿನೇ ಬೇಕು." ಮುಂದಿನ ತಿಂಗಳು ಕೊಡ್ತೀನಿ ಅಂದಿದ್ದೀನಿ.